ಗಣಕಯಂತ್ರವೂ ಚಿತ್ರಕಲೆಯೂ

ನಮ್ಮ ಪ್ರೌಢಶಾಲೆಯ ಈ ಸ್ಮರಣ ಸಂಚಿಕೆಗೆ ಚಿತ್ರಕಲೆಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಿರುವರು. ಹಳೆಯ ವಿದ್ಯಾರ್ಥಿನಿಯರು ಇದನ್ನು ಓದುವಾಗ ತಮ್ಮ ಕಾಲದ ಚಿತ್ರದ ಕೊಠಡಿಯನ್ನು ಸ್ಮರಿಸಿಕೊಳ್ಳುವರೆಂದು ಬಲ್ಲೆವು. ಕಿಟಕಿಯ ಬಳಿಯ ಉದ್ದನೆಯ ಮೇಜು, ಬಣ್ಣದ ಬಟ್ಟಲುಗಳು, ಮಳೆಗಾಲದಲ್ಲಿ ವಾರವಾದರೂ ಆರದ ಕಾಗದಗಳು, ಕಪಾಟಿನಲ್ಲಿ ಮಡಿಸಿಟ್ಟ ಹೊಲಿಗೆಯ ತರಗತಿಯ ಮಾದರಿ ಬಟ್ಟೆಗಳು, ಇವೆಲ್ಲವೂ ಈಗಲೂ ಅಲ್ಲಿಯೇ ಇರುವುವು. ಆದರೆ ಅದೇ ಕೊಠಡಿಯ ಒಳಗೋಡೆಯ ಉದ್ದಕ್ಕೆ ಈಗ ಆರು ಗಣಕಯಂತ್ರಗಳು ಕುಳಿತಿರುವುವು. ಶಾಲೆಯನ್ನು ನೋಡಬಂದ ಹಿರಿಯ ಸಹೋದರಿಯರು ಅವನ್ನು ಕಂಡು, ಲೆಕ್ಕದ ಯಂತ್ರಕ್ಕೆ ಬಣ್ಣದ ಕೊಠಡಿಯಲ್ಲಿ ಏನು ಕೆಲಸವೆಂದು ನಗುತ್ತ ಕೇಳುವುದುಂಟು. ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಬರೆಯುತ್ತಿರುವೆವು.

ಅದೇ ಪ್ರಶ್ನೆಯನ್ನು ನಗದೆ ಕೇಳಿದವರೂ ಒಬ್ಬರಿರುವರು. ಕಳೆದ ವರ್ಷದ ಪೋಷಕರ ಸಭೆಯ ತರುವಾಯ ಹತ್ತನೆಯ ತರಗತಿಯ ಒಬ್ಬ ಹುಡುಗಿಯ ತಂದೆಯವರು ನಮ್ಮ ಬಳಿಗೆ ಬಂದು, "ಟೀಚರೇ, ಚಿತ್ರವನ್ನು ಯಂತ್ರವೇ ಬರೆಯುವುದಾದರೆ ನನ್ನ ಮಗಳು ಬರೆಯುವುದೇನು?" ಎಂದರು. ಆ ಹುಡುಗಿಗೆ ಮುಂದೆ ಬೆಂಗಳೂರಿಗೆ ಹೋಗಿ, ಗಣಕಯಂತ್ರದಲ್ಲಿ ಚಿತ್ರ ರಚಿಸುವ ವಿದ್ಯೆಯನ್ನು ಕಲಿಯಬೇಕೆಂದು ಆಸೆ. ತಂದೆಯವರದು ನಾಪೋಕ್ಲಿನ ಹತ್ತಿರದ ಚಿಕ್ಕ ಕಾಫಿ ತೋಟ. ಕಾಲೇಜಿನ ಶುಲ್ಕವೂ ಹಾಸ್ಟೆಲಿನ ಖರ್ಚೂ ಕಾಫಿ ಮೆಣಸುಗಳ ಫಸಲಿನಿಂದಲೇ ಬರಬೇಕು. ಅವರು ಕಲೆಯನ್ನು ಹಗುರವಾಗಿ ಎಣಿಸುವವರಲ್ಲ. ಕೆಲವು ವರ್ಷಗಳ ಬೆವರನ್ನು ಯಾವ ವಿದ್ಯೆಯ ಮೇಲೆ ಇಡುತ್ತಿರುವೆವೆಂಬುದನ್ನು ತಿಳಿಯಬಯಸಿದರು. ಇಂತಹ ಪ್ರಶ್ನೆಯನ್ನು ಎರಡು ಮಾತಿನಲ್ಲಿ ತೀರಿಸಿಬಿಡುವುದು ಸರಿಯಲ್ಲವೆಂದು ನಮಗೆ ತೋರಿತು.

ಮೊದಲು ಯಂತ್ರವೆಂಬ ಮಾತಿನ ಭಯವನ್ನು ವಿಚಾರಿಸೋಣ. ನಮ್ಮ ಮಿಷನಿನವರ ಚರಿತ್ರೆಯಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ಬಾಸೆಲ್ ಮಿಷನಿನ ಹೆರ್ಮನ್ ಮೋಗ್ಲಿಂಗರು ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಅದೇ ಮೋಗ್ಲಿಂಗರು ೧೮೫೩ರಲ್ಲಿ ಕೊಡಗಿಗೆ ಬಂದು ಇಲ್ಲಿ ಸೇವೆಯನ್ನು ಆರಂಭಿಸಿದರೆಂಬುದನ್ನು ನಮ್ಮ ವಾಚಕರು ಬಲ್ಲರು. ಕಲ್ಲಚ್ಚಿನಲ್ಲಿ ಜಿಡ್ಡುಳ್ಳ ಮಸಿಯಿಂದ ಅಕ್ಷರಗಳನ್ನು ಬರೆಯುವವನು ಲಿಪಿಕಾರನು. ಕಲ್ಲು ಅವನ್ನು ಹಿಡಿದುಕೊಂಡು ನೂರಾರು ಕಾಗದಗಳಿಗೆ ಒತ್ತಿಕೊಡುವುದಷ್ಟೆ. ಅಕ್ಷರದ ದುಂಡಗೂ ಅಂದವೂ ಕೈಯದೇ. ಇಂದು ಗಣಕಯಂತ್ರದ ಪರದೆಯ ಮೇಲೆ ಕಾಣುವ ಕನ್ನಡ ಅಕ್ಷರಗಳ ಸಂಗತಿಯೂ ಅದೇ. ಅನೇಕರು ದಿನವೂ ನೋಡುವ 'ತುಂಗಾ' ಎಂಬ ಅಚ್ಚು ಮುಂಬಯಿಯ ಆರ್. ಕೆ. ಜೋಶಿಯವರ ಮೇಲ್ವಿಚಾರಣೆಯಲ್ಲಿ ರೂಪುಗೊಂಡದ್ದು. ಯಾರೋ ಕುಳಿತು ಒಂದೊಂದು ತಲೆಕಟ್ಟನ್ನೂ ಒಂದೊಂದು ಒತ್ತಕ್ಷರವನ್ನೂ ತಿದ್ದಿತೀಡಿದ್ದರಿಂದಲೇ ಅವು ನಮ್ಮ ಕಣ್ಣಿಗೆ ಹಿತವಾಗಿರುವುವು. ಸತ್ಯವೇದದ ವಿಮೋಚನಕಾಂಡದಲ್ಲಿ ಬೆಚಲೇಲನೆಂಬ ಶಿಲ್ಪಿಯ ಪ್ರಸ್ತಾಪವು ಬರುವುದಷ್ಟೆ. ಅಲ್ಲಿ ದೇವರು ಅವನಿಗೆ ಕೊಟ್ಟದ್ದು ಜ್ಞಾನ, ವಿವೇಕ, ಕೈಚಳಕ ಇವುಗಳನ್ನು. ಅವನ ಉಪಕರಣಗಳ ಮಾತು ಅಲ್ಲಿಲ್ಲ. ಆ ಅಧ್ಯಾಯವನ್ನು ಓದುವಾಗಲೆಲ್ಲ ಈ ಸಂಗತಿಯು ನಮ್ಮ ಮನಸ್ಸಿಗೆ ಬರುವುದು.

ಇನ್ನು ಆ ಯಂತ್ರದಲ್ಲಿ ಚಿತ್ರವು ಹೇಗೆ ನಿಲ್ಲುವುದೆಂಬುದನ್ನು ಹೇಳಬೇಕು. ಸಾಮಾನ್ಯವಾದ ಒಂದು ಪರದೆಯಲ್ಲಿ ಅಡ್ಡಲಾಗಿ ೧,೯೨೦, ನೆಟ್ಟಗೆ ೧,೦೮೦ ಸಣ್ಣ ಚೌಕಗಳಿರುವುವು. ಅಂದರೆ ಒಟ್ಟಿಗೆ ೨೦,೭೩,೬೦೦. ಇವನ್ನು ಪಿಕ್ಸೆಲ್‌ಗಳೆನ್ನುವರು. ಒಂದೊಂದು ಚೌಕಕ್ಕೂ ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳ ಪ್ರಮಾಣವನ್ನು ೦ಯಿಂದ ೨೫೫ರವರೆಗಿನ ಅಂಕಿಗಳಿಂದ ಗೊತ್ತುಪಡಿಸಬೇಕು. ಹೀಗೆ ಮೂರು ಅಂಕಿಗಳನ್ನು ಬೆರೆಸಿದರೆ ಒಟ್ಟು ೧,೬೭,೭೭,೨೧೬ ಬಣ್ಣಗಳು ದೊರೆಯುವುವು. ಇದನ್ನು ಕೇಳಿ ಕಣ್ಣು ಕತ್ತಲಿಸಿದಂತಾಗುವ ತಾಯಂದಿರಿಗೆ ನಾವು ಕಪಾಟಿನಿಂದ ಕಸೂತಿಯ ಬಟ್ಟೆಯನ್ನು ತೆಗೆದು ತೋರಿಸುವೆವು. ಧಾರವಾಡದ ಕಡೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಗೀಟು ಹಾಕಿಕೊಳ್ಳುವ ಪದ್ಧತಿಯಿಲ್ಲ. ನೂಲಿನ ಎಳೆಗಳನ್ನು ಎಣಿಸಿ ಎಣಿಸಿ ಸೂಜಿಯನ್ನು ಚುಚ್ಚಬೇಕು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕೇ ಹೊಲಿಗೆಗಳಿಂದ ತೇರು, ಗೋಪುರ, ಆನೆ, ತುಳಸಿಯ ಕಟ್ಟೆ ಇವೆಲ್ಲವೂ ಮೂಡುವುವು. ಗವಂತಿಯಲ್ಲಿ ದಾರವು ಒಂದು ಹೊಲಿಗೆಯನ್ನು ಬಿಟ್ಟು ಒಂದನ್ನು ತುಂಬುತ್ತ ಹೋಗಿ, ಅದೇ ಹಾದಿಯಲ್ಲಿ ಮರಳಿ ಬರುವಾಗ ಬಿಟ್ಟುಹೋದುದನ್ನು ತುಂಬುವುದು. ಆದಕಾರಣ ಗಂಟೂ ಇಲ್ಲ, ಬಟ್ಟೆಯ ಒಳಮೈಯೂ ಹೊರಮೈಯೂ ಒಂದೇ ಸಮ. ಎಣಿಕೆಯಿಂದ ಚಿತ್ರವನ್ನು ಕಟ್ಟುವ ಈ ವಿದ್ಯೆಯು ನಮ್ಮ ಹೆಂಗಸರ ಬೆರಳುಗಳಲ್ಲಿ ಎಂದಿನಿಂದಲೋ ಇದ್ದೇ ಇರುವುದು.

ಇದು ನಮ್ಮ ಅಭಿಮಾನದ ಮಾತು ಮಾತ್ರವೆಂದು ಯಾರೂ ಎಣಿಸಬಾರದು. ೧೯೮೪ರಲ್ಲಿ ಆಪಲ್ ಸಂಸ್ಥೆಯವರು ಮ್ಯಾಕಿಂಟಾಷ್ ಎಂಬ ಗಣಕಯಂತ್ರವನ್ನು ಹೊರತಂದಾಗ ಅದರ ಪರದೆಯ ಮೇಲಿನ ಪುಟ್ಟ ಚಿತ್ರಗಳನ್ನು ರಚಿಸಿದವರು ಸೂಸನ್ ಕೇರ್ ಎಂಬ ಮಹಿಳೆ. ಕಸದ ಬುಟ್ಟಿ, ಕೈಗಡಿಯಾರ, ನಗುಮುಖದ ಯಂತ್ರ ಮುಂತಾದುವು ಅವರ ಕೈಯಿಂದ ಬಂದುವು. ಒಂದೊಂದು ಚಿತ್ರಕ್ಕೂ ದೊರೆತ ಸ್ಥಳವು ೩೨ ಮನೆ ಅಗಲ, ೩೨ ಮನೆ ಎತ್ತರ; ಬಣ್ಣವೆಂದರೆ ಕಪ್ಪು ಬಿಳುಪು ಮಾತ್ರ. ಅವರು ಚೌಕದ ಗೆರೆಗಳುಳ್ಳ ನೋಟುಪುಸ್ತಕವನ್ನು ತಂದು, ಒಂದೊಂದು ಮನೆಯನ್ನು ತುಂಬುತ್ತ ಇವನ್ನು ಮೊದಲು ಕೈಯಿಂದಲೇ ಬರೆದರು. ಕಲ್ಲುಚೂರುಗಳ ಮೊಸಾಯಿಕ್ ಕೆಲಸವೂ ಸೂಜಿಯ ಕೆಲಸವೂ ಈ ಕಾರ್ಯಕ್ಕೆ ಸಮೀಪವಾದುವೆಂದು ಅವರೇ ತಿಳಿಸಿರುವರು. ನಮ್ಮ ಹೊಲಿಗೆಯ ತರಗತಿಯಲ್ಲಿ ಕ್ರಾಸ್ ಸ್ಟಿಚ್ಚಿಗಾಗಿ ಚೌಕದ ಕಾಗದದಲ್ಲಿ ಗುಲಾಬಿಯನ್ನು ಬರೆದುಕೊಂಡ ಹಳೆಯ ವಿದ್ಯಾರ್ಥಿನಿಯರು ಆ ನೋಟುಪುಸ್ತಕವನ್ನು ನೋಡಿದರೆ ತಟ್ಟನೆ ಗುರುತು ಹಿಡಿಯುವರು.

ಗಣಕಯಂತ್ರದಲ್ಲಿ ಚಿತ್ರ ಬರೆಯುವ ಎರಡನೆಯ ಮಾರ್ಗವೊಂದುಂಟು. ಅದರಲ್ಲಿ ಮನೆಗಳನ್ನು ಒಂದೊಂದಾಗಿ ತುಂಬದೆ, ರೇಖೆಯು ಹೇಗೆ ಸಾಗಬೇಕೆಂಬ ನಿಯಮವನ್ನು ಬರೆದುಕೊಡಬೇಕು. ಇದಕ್ಕೆ ನಮ್ಮ ಅಂಗಳದ ರಂಗೋಲಿಯೇ ಉಪಮಾನ. ಚುಕ್ಕೆಗಳನ್ನು ಸಾಲಾಗಿ ಇಟ್ಟು, ಎಳೆಯು ಯಾವ ಚುಕ್ಕೆಯನ್ನು ಬಳಸಿ ಎತ್ತ ತಿರುಗಬೇಕೆಂಬ ಕ್ರಮವನ್ನು ಅರಿತವಳು ಐದು ಚುಕ್ಕೆಯ ರಂಗೋಲಿಯನ್ನು ಹದಿನೈದು ಚುಕ್ಕೆಗೆ ಬೆಳೆಸಬಲ್ಲಳು. ಈ ಸಂಗತಿಯನ್ನು ವಿದ್ವಾಂಸರ ಸಭೆಗೆ ಕೊಂಡೊಯ್ದವರು ತಾಂಬರಮ್ಮಿನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನವರೆಂಬುದು ನಮಗೆ ವಿಶೇಷ ಸಂತೋಷದ ವಿಷಯ. ಆ ಕಾಲೇಜಿನ ಗಿಫ್ಟ್ ಸಿರೊಮನಿಯವರೂ ಅವರ ಪತ್ನಿ ರಾಣಿ ಸಿರೊಮನಿಯವರೂ ಕಮಲಾ ಕೃತಿವಾಸನ್ ಅವರೊಡನೆ ಸೇರಿ, ತಮಿಳುನಾಡಿನ ಕೋಲಗಳನ್ನು ಗಣಕಶಾಸ್ತ್ರದ ವ್ಯಾಕರಣದಿಂದ ವಿವರಿಸುವ ಲೇಖನವೊಂದನ್ನು ೧೯೭೪ರಲ್ಲಿ ಪ್ರಕಟಿಸಿದರು. ಭಾಷೆಯಲ್ಲಿ ಕೆಲವೇ ನಿಯಮಗಳಿಂದ ಅಸಂಖ್ಯಾತ ವಾಕ್ಯಗಳು ಹುಟ್ಟುವಂತೆ, ಕೋಲದಲ್ಲಿಯೂ ಕೆಲವೇ ನಿಯಮಗಳಿಂದ ಅಸಂಖ್ಯಾತ ವಿನ್ಯಾಸಗಳು ಹುಟ್ಟುವುವೆಂದು ತೋರಿಸಿದರು. ಆ ಮೂವರಲ್ಲಿ ಇಬ್ಬರು ಸ್ತ್ರೀಯರು. ಮುಂಜಾನೆ ಸಗಣಿ ಸಾರಿಸಿದ ಅಂಗಳದಲ್ಲಿ ಬಗ್ಗಿ ನಿಂತು ಹಿಟ್ಟಿನ ಎಳೆಯನ್ನು ಬಿಡುವ ಹೆಂಗಸು ಹೆಸರಿಲ್ಲದ ಗಣಿತವನ್ನು ಮಾಡುತ್ತಿದ್ದಳು. ಇವರು ಆ ಗಣಿತಕ್ಕೊಂದು ಹೆಸರನ್ನು ಕೊಟ್ಟರು.

ನಮ್ಮ ಎಂಟನೆಯ ತರಗತಿಯ ಮಕ್ಕಳಿಗೆ ಈ ಮಾರ್ಗವನ್ನು ಆಮೆಯ ಆಟದಿಂದ ಕಲಿಸುವೆವು. ೧೯೬೭ರಲ್ಲಿ ಅಮೆರಿಕೆಯಲ್ಲಿ ಮಕ್ಕಳಿಗಾಗಿಯೇ ರಚಿತವಾದ ಲೋಗೊ ಎಂಬ ಗಣಕಭಾಷೆಯಿಂದ ಈ ಪದ್ಧತಿಯು ಬಂದಿತು. ಪರದೆಯ ಮೇಲೊಂದು ಆಮೆ ಇರುವುದು; ಅದಕ್ಕೆ ಅಪ್ಪಣೆಗಳನ್ನು ಕೊಡಬೇಕು. ನೂರು ಹೆಜ್ಜೆ ಮುಂದೆ ನಡೆ, ತೊಂಬತ್ತು ಅಂಶ ಬಲಕ್ಕೆ ತಿರುಗು, ಇದನ್ನು ನಾಲ್ಕು ಸಲ ಮಾಡು ಎಂದರೆ ಅದರ ಜಾಡಿನಲ್ಲಿ ಒಂದು ಚೌಕವು ಮೂಡುವುದು. ತೊಂಬತ್ತರ ಬದಲಿಗೆ ಎಪ್ಪತ್ತೆರಡೆಂದು ಹೇಳಿ ಐದು ಸಲ ನಡೆಸಿದರೆ ಪಂಚಕೋನ. ಒಮ್ಮೆ ಒಬ್ಬ ಹುಡುಗಿಯು ಎಪ್ಪತ್ತೆರಡನ್ನು ಇಮ್ಮಡಿ ಮಾಡಿದರೆ ಏನಾಗುವುದೋ ನೋಡೋಣವೆಂದು ನೂರನಾಲ್ವತ್ತನಾಲ್ಕು ಎಂದು ಬರೆದಳು. ಆಮೆಯು ಐದು ಸಲ ನಡೆದು ನಿಂತಾಗ ಪರದೆಯ ಮೇಲೆ ಐದು ಮೂಲೆಯ ನಕ್ಷತ್ರವೊಂದು ಬೆಳಗುತ್ತಿತ್ತು. ತರಗತಿಯವರೆಲ್ಲರೂ ಎದ್ದು ಅವಳ ಬೆನ್ನ ಹಿಂದೆ ನೆರೆದರು. ಆ ವರ್ಷ ಕ್ರಿಸ್ತಜಯಂತಿಗೆ ಶಾಲೆಯ ಬಾಗಿಲಲ್ಲಿ ತೂಗುಹಾಕಿದ ಕಾಗದದ ನಕ್ಷತ್ರಗಳೆಲ್ಲವೂ ಆ ಆಮೆಯ ಹೆಜ್ಜೆಯ ಅಚ್ಚಿನಿಂದ ಕತ್ತರಿಸಿದವುಗಳೇ. ಯಂತ್ರವು ನಕ್ಷತ್ರವನ್ನು ಬರೆಯಿತೆಂದು ಬೇಕಾದರೆ ಹೇಳಬಹುದು. ಆದರೆ ಇಮ್ಮಡಿ ಮಾಡಿ ನೋಡೋಣವೆಂಬ ಕುತೂಹಲವು ಯಂತ್ರದಲ್ಲಿರಲಿಲ್ಲ.

ಈ ಕಲೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಉಚಿತ. ಅದರ ಬೇರು ಮಗ್ಗದಲ್ಲಿರುವುದು. ಸುಮಾರು ೧೮೦೪ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದ ಜಕಾರ್ ಎಂಬವನು ತೂತು ಹೊಡೆದ ರಟ್ಟುಗಳಿಂದ ರೇಷ್ಮೆಯಲ್ಲಿ ಹೂಬಳ್ಳಿಗಳನ್ನು ನೇಯುವ ಮಗ್ಗವನ್ನು ಸಿದ್ಧಪಡಿಸಿದನು. ತೂತಿದ್ದಲ್ಲಿ ಎಳೆಯು ಏಳುವುದು, ಇಲ್ಲದಲ್ಲಿ ಏಳದು. ಇಂಗ್ಲೆಂಡಿನ ಬ್ಯಾಬೇಜನು ತನ್ನ ಲೆಕ್ಕದ ಯಂತ್ರಕ್ಕೆ ಇಂತಹ ರಟ್ಟುಗಳನ್ನೇ ಬಳಸಲು ಯೋಜಿಸಿದನು. ಅದನ್ನು ಕುರಿತು ೧೮೪೩ರಲ್ಲಿ ಟಿಪ್ಪಣಿಗಳನ್ನು ಬರೆದ ಏಡಾ ಲವ್‌ಲೇಸ್ ಎಂಬ ಮಹಿಳೆಯು ಆ ಯಂತ್ರವನ್ನು ಈ ಮಗ್ಗಕ್ಕೆ ಹೋಲಿಸಿದಳು. ಮುಂದೆ ೧೯೬೫ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಗೇಯೊರ್ಗ್ ನೇಸ್ ಎಂಬವರೂ, ಅದೇ ವರ್ಷ ನ್ಯೂಯಾರ್ಕಿನಲ್ಲಿ ಮೈಕೇಲ್ ನೋಲ್ ಮತ್ತು ಬೇಲಾ ಯೂಲೆಸ್ ಎಂಬವರೂ ಗಣಕಯಂತ್ರದಿಂದ ರಚಿಸಿದ ಚಿತ್ರಗಳನ್ನು ಜನರ ಮುಂದಿಟ್ಟರು. ೧೯೬೮ರಲ್ಲಿ ಲಂಡನಿನಲ್ಲಿ ಯಾಸಿಯಾ ರೈಕಾರ್ಟ್ ಎಂಬ ಮಹಿಳೆಯ ವ್ಯವಸ್ಥೆಯಲ್ಲಿ ಇಂತಹ ಕೃತಿಗಳ ದೊಡ್ಡ ಪ್ರದರ್ಶನವೊಂದು ನಡೆಯಿತು.

ಇವರೆಲ್ಲರಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದವರು ವೆರಾ ಮೋಲ್ನಾರ್. ೧೯೨೪ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲಸಿದ ಈ ಮಹಿಳೆಯ ಕೈಗೆ ಗಣಕಯಂತ್ರವು ದೊರೆತದ್ದು ೧೯೬೮ರಲ್ಲಿ. ಆದರೆ ಅದಕ್ಕೆ ಎಷ್ಟೋ ವರ್ಷ ಮೊದಲೇ ಅವರು ಮನಸ್ಸಿನಲ್ಲಿ ಒಂದು ಯಂತ್ರವನ್ನು ಕಲ್ಪಿಸಿಕೊಂಡಿದ್ದರು. ತಮಗೆ ತಾವೇ ಕೆಲವು ನಿಯಮಗಳನ್ನು ವಿಧಿಸಿಕೊಂಡು, ಅವುಗಳಿಂದ ಎಷ್ಟು ಬಗೆಯ ರೂಪಗಳು ಹೊರಡುವುವೋ ಅವಷ್ಟನ್ನೂ ಕೈಯಿಂದಲೇ ಬರೆದು ನೋಡುತ್ತಿದ್ದರು. ನಿಜವಾದ ಯಂತ್ರವು ಬಂದ ಮೇಲೂ ಕೆಲಸದ ಸ್ವರೂಪವು ಬದಲಾಗಲಿಲ್ಲ. ಒಂದರೊಳಗೊಂದಾಗಿ ಕುಳಿತ ಚೌಕಗಳನ್ನು ತೆಗೆದುಕೊಳ್ಳುವರು. ಆ ಅಚ್ಚುಕಟ್ಟಿನಲ್ಲಿ ಸ್ವಲ್ಪವೇ ಅಸ್ತವ್ಯಸ್ತತೆಯನ್ನು ಬೆರೆಸುವಂತೆ ಯಂತ್ರಕ್ಕೆ ಹೇಳುವರು. ಹೊರಬಂದ ಅನೇಕ ಹಾಳೆಗಳಲ್ಲಿ ಕಣ್ಣಿಗೆ ಒಪ್ಪಿದುದನ್ನು ಇಟ್ಟುಕೊಂಡು ಉಳಿದುದನ್ನು ಬಿಡುವರು. ನೂರು ವರ್ಷ ತುಂಬಲು ಕೆಲವೇ ವಾರಗಳಿದ್ದಾಗ, ೨೦೨೩ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹೀಗಿರಲು ಅವರ ಕಲೆಯಲ್ಲಿ ಯಂತ್ರದ ಪಾಲು ಯಾವುದು? ಬೇಸರವಿಲ್ಲದೆ ಸಾವಿರ ಸಲ ಮಾಡಿ ತೋರಿಸುವುದು. ಅವರ ಪಾಲು ಯಾವುದು? ಏನನ್ನು ಮಾಡಬೇಕೆಂದು ಹೇಳುವುದು, ಮಾಡಿದುದರಲ್ಲಿ ಯಾವುದು ಸಾಕೆಂದು ಆರಿಸುವುದು.

ಈ ವಿಷಯದಲ್ಲಿ ಮೇಲೆ ಹೇಳಿದ ನೋಲರು ನಡೆಸಿದ ಒಂದು ಪರೀಕ್ಷೆಯು ತಂದೆತಾಯಿಗಳು ಯೋಚಿಸತಕ್ಕದ್ದಾಗಿದೆ. ಮೋಂಡ್ರಿಯಾನ್ ಎಂಬ ಪ್ರಸಿದ್ಧ ಚಿತ್ರಕಾರನು ೧೯೧೭ರಲ್ಲಿ ಬರೆದ, ಬರಿಯ ಅಡ್ಡನೆಟ್ಟ ಗೀಟುಗಳ ಚಿತ್ರವೊಂದನ್ನೂ, ಅದೇ ಬಗೆಯಲ್ಲಿ ತಾವು ಗಣಕಯಂತ್ರದಿಂದ ತೆಗೆಸಿದ ಚಿತ್ರವೊಂದನ್ನೂ ಅವರು ನೂರು ಮಂದಿಗೆ ತೋರಿಸಿದರು. ಯಂತ್ರದ್ದು ಯಾವುದೆಂದು ಸರಿಯಾಗಿ ಗುರುತಿಸಿದವರು ಆ ನೂರರಲ್ಲಿ ೨೮ ಮಂದಿ ಮಾತ್ರ. ೫೯ ಮಂದಿ ಯಂತ್ರದ ಚಿತ್ರವನ್ನೇ ಹೆಚ್ಚಾಗಿ ಮೆಚ್ಚಿದರು. ಇದನ್ನು ೧೯೬೬ರಲ್ಲಿ ಅವರು ಪ್ರಕಟಿಸಿದರು. ಇದರಿಂದ ಮೋಂಡ್ರಿಯಾನನ ಹಿರಿಮೆಯು ಕುಗ್ಗಿತೆಂದು ನಾವು ತಿಳಿಯಬೇಕಾಗಿಲ್ಲ. ಅಂತಹ ಚಿತ್ರವೊಂದು ಇರಬಹುದೆಂದು ಮೊದಲು ಕಂಡವನು ಅವನು. ಯಂತ್ರವು ಆ ದಾರಿಯನ್ನು ಹಿಡಿಯಿತು. ಆದರೆ ಕೇವಲ ಹೊರನೋಟದಿಂದ ಚಿತ್ರದ ಬೆಲೆಯನ್ನು ಕಟ್ಟಲಾಗದೆಂಬುದು ಮಾತ್ರ ಸ್ಪಷ್ಟವಾಯಿತು. ಬರೆದವಳು ಏನನ್ನು ನೋಡಿದಳು, ಏಕೆ ಹೀಗೆ ಬರೆದಳು ಎಂಬುದನ್ನು ವಿಚಾರಿಸಬೇಕಾಗುವುದು.

ಆ ತಂದೆಯವರಿಗೆ ನಾವು ಇಷ್ಟು ಚರಿತ್ರೆಯನ್ನು ಹೇಳಲಿಲ್ಲ. ಅವರ ಮಗಳ ಒಂದು ಚಿತ್ರವನ್ನು ತೋರಿಸಿದೆವು. ಅದು ಆಷಾಢದ ಕಾವೇರಿಯ ಚಿತ್ರ. ನದಿಯನ್ನು ಬರೆಯಲು ಕುಳಿತವಳಿಗೆ ಯಂತ್ರವು ಸಾಲಾಗಿ ಒಡ್ಡುವ ಬಣ್ಣಗಳಲ್ಲಿ ನೀರಿಗೆಂದು ಕಣ್ಣಿಗೆ ಬೀಳುವುದು ನೀಲಿಯೇ. ನಾಪೋಕ್ಲಿನ ಹೊಳೆಯನ್ನು ಮಳೆಗಾಲದಲ್ಲಿ ನೋಡಿದವರಾರೂ ಅದನ್ನು ನೀಲಿಯೆಂದು ಹೇಳರು. ಮೇಲಿನ ಬೆಟ್ಟಗಳ ಮಣ್ಣನ್ನೆಲ್ಲ ಹೊತ್ತು, ದಡದ ಗದ್ದೆಗಳ ಮೇಲೆ ಹರಡಿ ನಿಲ್ಲುವ ನೀರು ಅದು. ಈ ಹುಡುಗಿಯು ಒಂದು ಗಾಜಿನ ಸೀಸೆಯಲ್ಲಿ ಹೊಳೆಯ ನೀರನ್ನು ತಂದು ಕಿಟಕಿಯಲ್ಲಿಟ್ಟು, ಪ್ರತಿದಿನವೂ ಅಲುಗಾಡಿಸಿ ನೋಡಿ, ಪರದೆಯ ಮೇಲೆ ಅಂಕಿಗಳನ್ನು ಹೆಚ್ಚಿಸುತ್ತ ತಗ್ಗಿಸುತ್ತ ಮೂರು ದಿನ ಕಳೆದಳು. ಕೊನೆಗೆ ಕೆಂಪು ೧೫೦, ಹಸುರು ೯೬, ನೀಲಿ ೫೮ ಎಂದು ನಿಲ್ಲಿಸಿ, ಆ ಬಣ್ಣಕ್ಕೆ 'ಹೊಳೆ' ಎಂದು ಹೆಸರಿಟ್ಟು ಯಂತ್ರದಲ್ಲಿ ಉಳಿಸಿಕೊಂಡಳು. ಈಗ ಆರು ಯಂತ್ರಗಳಲ್ಲಿಯೂ ಆ ಬಣ್ಣವು ಅದೇ ಹೆಸರಿನಿಂದ ಇರುವುದು. ತಂದೆಯವರು ಚಿತ್ರವನ್ನು ಬಹಳ ಹೊತ್ತು ನೋಡಿ, "ಇದು ನಮ್ಮ ಕೆಳಗಿನ ಗದ್ದೆಗೆ ನುಗ್ಗಿದ ನೀರು," ಎಂದರು. ಅಷ್ಟು ಹೇಳಿ ಮಗಳ ಕಡೆಗೆ ನೋಡಿದರು. ಕಾಲೇಜಿನ ವಿಚಾರವು ಇದನ್ನು ಬರೆಯುವ ಹೊತ್ತಿಗೆ ಇನ್ನೂ ನಿರ್ಧಾರವಾಗಿಲ್ಲ. ಹಣದ ಚಿಂತೆಯನ್ನು ಚಿತ್ರವೊಂದು ತೀರಿಸಲಾರದು. ಆದರೆ ಮಗಳು ಬರೆಯುವುದೇನೆಂಬ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ.

ಇದುವರೆಗೆ ಹೇಳಿದುದೆಲ್ಲವೂ ಮನುಷ್ಯಳು ಹೇಳಿದಂತೆ ಕೇಳುವ ಯಂತ್ರದ ಮಾತಾಯಿತು. ೨೦೨೨ರಿಂದೀಚೆಗೆ ಜನಸಾಮಾನ್ಯರ ಕೈಗೆ ಬಂದಿರುವ ಮತ್ತೊಂದು ವಿಧಾನವನ್ನು ಕುರಿತು ಹೇಳದೆ ಬಿಟ್ಟರೆ ಪೋಷಕರಿಗೆ ಅನ್ಯಾಯವಾದೀತು. ಇದನ್ನು ಕೃತಕ ಬುದ್ಧಿಮತ್ತೆಯೆಂದು ಕರೆಯುವರು. ಬೇಕಾದುದನ್ನು ಒಂದು ವಾಕ್ಯದಲ್ಲಿ ಬರೆದರೆ ಸಾಕು, ಕ್ಷಣಮಾತ್ರದಲ್ಲಿ ಚಿತ್ರವು ಸಿದ್ಧ. ಅಂತರಜಾಲದಿಂದ ಸಂಗ್ರಹಿಸಿದ ಕೋಟ್ಯಂತರ ಚಿತ್ರಗಳನ್ನೂ ಅವುಗಳ ಹೆಸರುಗಳನ್ನೂ ತೋರಿಸಿ ಅಂತಹ ಯಂತ್ರಗಳನ್ನು ಪಳಗಿಸಿರುವರು. ಆ ಚಿತ್ರಗಳನ್ನು ಬರೆದವರಲ್ಲಿ ಅನೇಕರನ್ನು ಯಾರೂ ಕೇಳಲಿಲ್ಲ. ೨೦೨೩ರ ಜನವರಿಯಲ್ಲಿ ಅಮೆರಿಕೆಯ ಮೂವರು ಚಿತ್ರಕಾರರು ಈ ಕಾರಣದಿಂದಲೇ ನ್ಯಾಯಾಲಯಕ್ಕೆ ಹೋದರು. ಅದಕ್ಕೆ ಹಿಂದಿನ ವರ್ಷ, ಆ ದೇಶದ ಕೊಲೊರಾಡೊ ಸಂಸ್ಥಾನದ ವಾರ್ಷಿಕ ಮೇಳದಲ್ಲಿ ಇಂತಹ ಯಂತ್ರದಿಂದ ತೆಗೆಸಿದ ಚಿತ್ರಕ್ಕೆ ಗಣಕಚಿತ್ರದ ವಿಭಾಗದಲ್ಲಿ ಮೊದಲ ಬಹುಮಾನವು ಬಂದು ದೊಡ್ಡ ವಾದವೆದ್ದಿತು.

ನಾವೂ ನಮ್ಮ ಹುಡುಗಿಯರ ಮುಂದೆ ಅಂತಹ ಯಂತ್ರವೊಂದಕ್ಕೆ, ಐನ್‌ಮನೆಯ ಮುಂದೆ ನಿಂತ ಕೊಡವ ಮದುಮಗಳನ್ನು ಬರೆದುಕೊಡೆಂದು ಹೇಳಿದೆವು. ಬಣ್ಣಗಳು ಮನೋಹರವಾಗಿದ್ದುವು, ಮುಖವು ಸುಂದರವಾಗಿತ್ತು. ಹುಡುಗಿಯರು ಮಾತ್ರ ಒಂದೇ ಸಲಕ್ಕೆ ನಕ್ಕುಬಿಟ್ಟರು. ಮದುಮಗಳ ಸೀರೆಯ ನೆರಿಗೆಗಳು ಮುಂದುಗಡೆಯಿದ್ದುವು! ಕೊಡಗಿನಲ್ಲಿ ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸಿ, ಸೆರಗನ್ನು ಎಡಗಂಕುಳ ಕೆಳಗಿಂದ ತಂದು ಬಲಹೆಗಲ ಮೇಲೆ ಬಿಗಿಯುವರೆಂಬುದನ್ನು ಇಲ್ಲಿಯ ಚಿಕ್ಕ ಮಗುವೂ ಬಲ್ಲದು. ಮನೆಯೋ ಯಾವ ನಾಡಿನದೆಂದು ಹೇಳಲಾಗದಂತಿತ್ತು. ಜಗಲಿಯ ಕಂಬಗಳ ನಡುವೆ ಹಿರಿಯರು ಕುಳಿತುಕೊಳ್ಳುವ ಐಮರದ ಹಲಗೆಯೇ ಇರಲಿಲ್ಲ. ಯಂತ್ರವು ಬೇಕೆಂದು ಸುಳ್ಳು ಹೇಳಿತೆನ್ನಲಾಗದು. ಅದು ನೋಡಿದ ಚಿತ್ರಗಳಲ್ಲಿ ಹೆಚ್ಚಿನ ಸೀರೆಗಳು ಬೇರೆ ರೀತಿಯವು. ಬಹುಮಂದಿಯ ರೂಢಿಯನ್ನೇ ಅದು ಎಲ್ಲರ ರೂಢಿಯೆಂದು ಎಣಿಸುವುದು. ಸಣ್ಣ ನಾಡಿನವರು, ಸ್ವಲ್ಪ ಮಂದಿ ಆಡುವ ಭಾಷೆಯವರು ಇದನ್ನು ಗಮನಿಸತಕ್ಕದ್ದು. ನಮ್ಮ ನೆರಿಗೆ ಎಲ್ಲಿರಬೇಕೆಂಬುದನ್ನು ನಾವೇ ಬರೆದಿಡದಿದ್ದರೆ, ನಾಳೆ ನಮ್ಮ ಮಕ್ಕಳ ಮಕ್ಕಳು ಯಂತ್ರವು ತೋರಿಸಿದುದನ್ನೇ ತಮ್ಮ ಅಜ್ಜಿಯ ಉಡುಗೆಯೆಂದು ನಂಬಿಯಾರು.

ಆದಕಾರಣ ನಮ್ಮ ಕೊಠಡಿಯಲ್ಲಿ ಕೆಲವು ಕಟ್ಟಳೆಗಳನ್ನು ಮಾಡಿರುವೆವು. ಪ್ರತಿಯೊಂದು ಚಿತ್ರದ ಕೆಳಗೂ ಅದು ಯಾವ ಸಾಧನದಿಂದ ಆಯಿತೆಂದು ಬರೆಯಬೇಕು. ವಾಕ್ಯವನ್ನು ಕೊಟ್ಟು ತೆಗೆಸಿದುದನ್ನು ತಾನು ಬರೆದೆನೆಂದು ಹೇಳಕೂಡದು, ಸ್ಪರ್ಧೆಗೂ ಕಳುಹಿಸಕೂಡದು. ಮತ್ತೊಬ್ಬರ ಚಿತ್ರವನ್ನು ಆಧಾರವಾಗಿ ಇಟ್ಟುಕೊಂಡಿದ್ದರೆ ಅವರ ಹೆಸರನ್ನು ಸೂಚಿಸಬೇಕು. ಕಲೆಗಿಂತಲೂ ಮೊದಲು ಸತ್ಯವನ್ನು ಕಲಿಸಬೇಕೆಂಬುದು ಈ ಶಾಲೆಯನ್ನು ಕಟ್ಟಿದವರ ಉದ್ದೇಶವಾಗಿತ್ತು. ಹೊಸ ಯಂತ್ರವು ಬಂದಮಾತ್ರಕ್ಕೆ ಆ ಪಾಠವು ಹಳೆಯದಾಗುವುದಿಲ್ಲ.

ಮತ್ತೊಂದು ಪಾಠವನ್ನು ನಮ್ಮ ಮಳೆಯೇ ಕಲಿಸುವುದು. ಜೂನು ಜುಲೈ ತಿಂಗಳುಗಳಲ್ಲಿ ಮರಗಳು ತಂತಿಯ ಮೇಲೆ ಬಿದ್ದು, ಎಷ್ಟೋ ಸಲ ದಿನಗಟ್ಟಲೆ ವಿದ್ಯುತ್ತು ಇರದು. ಆಗ ಆರು ಯಂತ್ರಗಳೂ ಕಪ್ಪು ಕನ್ನಡಿಗಳಂತೆ ಕುಳಿತಿರುವುವು. ಹುಡುಗಿಯರು ಕಿಟಕಿಯ ಮೇಜಿಗೆ ಮರಳಿ ಪೆನ್ಸಿಲನ್ನು ಹಿಡಿಯುವರು. ಯಂತ್ರದಲ್ಲಿ ಒಳ್ಳೆಯ ಕೆಲಸ ಮಾಡುವವರು ಪೆನ್ಸಿಲಿನಲ್ಲಿಯೂ ಒಳ್ಳೆಯ ಕೆಲಸ ಮಾಡುವವರೇ ಎಂಬುದನ್ನು ನಾವು ವರ್ಷ ವರ್ಷವೂ ಕಂಡಿರುವೆವು. ಈ ಕಾರಣದಿಂದ ಮಳೆ ಹಿಡಿಯುವ ಮುಂಚೆ ಮೇಲಿನ ತರಗತಿಯವರನ್ನು ಕಕ್ಕಬೆಯ ಕಡೆಯ ನಾಲ್ಕುನಾಡು ಅರಮನೆಗೆ ಕರೆದುಕೊಂಡು ಹೋಗುವೆವು. ೧೭೯೨ರಲ್ಲಿ ದೊಡ್ಡ ವೀರರಾಜೇಂದ್ರನು ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ ಆ ಅರಮನೆಯ ಮರದ ಕೆತ್ತನೆಗಳನ್ನೂ ಗೋಡೆಯ ಚಿತ್ರಗಳನ್ನೂ ಹುಡುಗಿಯರು ನೆಲದ ಮೇಲೆ ಕುಳಿತು ಕಾಗದದಲ್ಲಿ ಬರೆದುಕೊಳ್ಳುವರು. ಅಂದು ಯಂತ್ರಕ್ಕೂ ದೂರವಾಣಿಯ ಕ್ಯಾಮೆರಾಕ್ಕೂ ರಜೆ. ಕ್ಯಾಮೆರಾ ಕ್ಷಣದಲ್ಲಿ ಹಿಡಿಯುವ ಬಳ್ಳಿಯ ಸುತ್ತನ್ನು ಕೈಯಿಂದ ಬರೆಯಲು ಅರ್ಧ ಗಂಟೆ ಹಿಡಿಯುವುದು. ಆ ಅರ್ಧ ಗಂಟೆಯಲ್ಲಿ ಬಡಗಿಯ ಉಳಿಯು ಎಲ್ಲಿ ತಿರುಗಿತು, ಎಲ್ಲಿ ತಡೆಯಿತು ಎಂಬುದು ಕಣ್ಣಿಗೆ ತಿಳಿದುಬರುವುದು. ಶಾಲೆಗೆ ಮರಳಿದ ಮೇಲೆ ಅದನ್ನು ಯಂತ್ರಕ್ಕೆ ಹೇಳಿಕೊಡುವಾಗ, ಹೇಳುವುದಕ್ಕೆ ಅವರ ಬಳಿ ಏನಾದರೂ ಇರುವುದು.

ಮಗಳನ್ನು ಈ ದಾರಿಯಲ್ಲಿ ಕಳುಹಿಸಬಯಸುವ ತಂದೆತಾಯಿಗಳಿಗೆ ಎರಡು ಮಾತು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ಮೈಸೂರಿನಲ್ಲಿ ಕಾವಾ ಎಂದು ಹೆಸರಾದ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು ಮುಂತಾದೆಡೆಗಳಲ್ಲಿ ಚಿತ್ರಕಲೆಯ ಪದವಿ ಶಿಕ್ಷಣವು ದೊರೆಯುವುದು. ಎಲ್ಲಿಗೆ ಹೋದರೂ ಮೊದಲು ಬೇಕಾದುದು ಕೈಯಿಂದ ರೇಖೆ ಎಳೆಯುವ ಅಭ್ಯಾಸ. ಮನೆಯಲ್ಲಿ ಗಣಕಯಂತ್ರವಿದ್ದವರು ಅಭ್ಯಾಸಕ್ಕಾಗಿ ಹಣ ತೆರಬೇಕಾದುದೂ ಇಲ್ಲ. ಕ್ರೀಟಾ, ಇಂಕ್‌ಸ್ಕೇಪ್, ಗಿಂಪ್ ಎಂಬ ಒಳ್ಳೆಯ ಚಿತ್ರತಂತ್ರಾಂಶಗಳು ಉಚಿತವಾಗಿಯೇ ಸಿಕ್ಕುವುವು. ಯಂತ್ರವಿಲ್ಲದವರು ಚೌಕದ ಗೆರೆಗಳ ಒಂದು ನೋಟುಪುಸ್ತಕವನ್ನು ಕೊಡಿಸಿದರೂ ಆಯಿತು. ಆದರೆ ಈ ವಿದ್ಯೆಯಿಂದ ಕೆಲಸವು ನಿಶ್ಚಯವಾಗಿ ಸಿಕ್ಕುವುದೆಂದು ನಾವು ಮಾತು ಕೊಡಲಾರೆವು. ವಾಕ್ಯದಿಂದ ಚಿತ್ರ ಬರೆಯುವ ಯಂತ್ರಗಳು ಬಂದ ಮೇಲೆ ಸಾಧಾರಣವಾದ ಚಿತ್ರಗಳನ್ನು ಬರೆದುಕೊಡುವವರ ಜೀವನವು ಕಷ್ಟವಾಗಿರುವುದೆಂಬುದನ್ನು ಮರೆಮಾಚುವುದು ಧರ್ಮವಲ್ಲ. ಹೊಳೆಯ ಬಣ್ಣಕ್ಕಾಗಿ ಸೀಸೆಯನ್ನು ಮೂರು ದಿನ ನೋಡುವ ತಾಳ್ಮೆಯು ಮಗಳಲ್ಲಿ ಇರುವುದೋ ಎಂಬುದನ್ನು ತಂದೆತಾಯಿಗಳು ಗಮನಿಸಲಿ. ಇದ್ದರೆ ಅಂತಹವಳನ್ನು ತಡೆಯಬಾರದೆಂದು ನಮ್ಮ ವಿನಂತಿ.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಬೇಡಿಕೆಯುಂಟು. ನಿಮ್ಮ ಪೆಟ್ಟಿಗೆಗಳಲ್ಲಿ ಈ ಶಾಲೆಯ ಕಾಲದ ಕಸೂತಿಯ ಬಟ್ಟೆಗಳೂ, ಕ್ರಾಸ್ ಸ್ಟಿಚ್ಚಿನ ಮಾದರಿಗಳೂ, ತಾಯಂದಿರು ಬರೆದಿಟ್ಟ ರಂಗೋಲಿಯ ಪುಸ್ತಕಗಳೂ ಇರಬಹುದು. ಹುಳು ತಿಂದ ತುದಿಯಾದರೂ ಅಡ್ಡಿಯಿಲ್ಲ; ಒಂದು ದಿನದ ಮಟ್ಟಿಗೆ ಅವನ್ನು ತಂದುಕೊಡಿರಿ. ನಮ್ಮ ಹುಡುಗಿಯರು ಅವುಗಳ ಎಳೆಗಳನ್ನು ಎಣಿಸಿ, ಮನೆಮನೆಯಾಗಿ ಗಣಕಯಂತ್ರದಲ್ಲಿ ತುಂಬಿ, ಹೊಲಿದವರ ಹೆಸರನ್ನೂ ಶಾಲೆ ಬಿಟ್ಟ ವರ್ಷವನ್ನೂ ಕೆಳಗೆ ಬರೆದು ಕಾಪಾಡುವರು. ಬಟ್ಟೆಯನ್ನು ಮಡಿಸಿ ನಿಮ್ಮ ಕೈಗೆ ಹಿಂದಿರುಗಿಸುವರು. ಭಾನುವಾರವೊಂದನ್ನು ಬಿಟ್ಟು ಯಾವ ದಿನವಾದರೂ ಮೂರು ಗಂಟೆಯ ಮೇಲೆ ಕೊಠಡಿಯು ತೆರೆದಿರುವುದು. ದೇವರು ನಿಮ್ಮೆಲ್ಲರ ಕೈಕೆಲಸಗಳನ್ನು ಸ್ಥಿರಪಡಿಸಲಿ.